ಸೋಸಿದ ಸದ್ದು

ಮಲಪ್ರಭೆಯ ದಂಡೆಯಲ್ಲಿ ಒಂದು ಮಠ. ಮಠ ಅಂದರೆ ಎರಡು ಕೋಣೆ, ಒಂದು ಕಟ್ಟೆ, ಅಷ್ಟೆ. ಅಲ್ಲಿ ಗದಿಗೆಯ್ಯ ಅಜ್ಜ ಏಕತಾರಿ ಹಿಡಿದು ತತ್ವಪದ ಹಾಡಿಕೊಂಡಿದ್ದರು.

ಅವರ ಗಂಟಲಲ್ಲಿ ಅರವತ್ತೊಂದು ಪದಗಳಿದ್ದವು. ಬಾಯಿಂದ ಬಾಯಿಗೆ ಬಂದವು, ಯಾವ ಪುಸ್ತಕದಲ್ಲೂ ಇಲ್ಲ. ಎಲ್ಲಕ್ಕಿಂತ ದೊಡ್ಡದು ದೋಣಿಯ ಪದ. ಹಾಡಿ ಮುಗಿಸಲು ಅರ್ಧ ತಾಸು ಬೇಕು. ಅದು ಬರುವವರು ಈಗ ಅಜ್ಜ ಒಬ್ಬರೇ. ಅಜ್ಜನ ಎದೆ ದಣಿದಿದೆ, ಇನ್ನು ಹೆಚ್ಚು ದಿನ ಹಾಡಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪಟ್ಟಣದಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ ನೀಲಾಂಬಿಕೆ ಈ ಸುದ್ದಿ ಕೇಳಿ ಅಂಗಡಿಗೆ ಬೀಗ ಹಾಕಿ ಬಂದಳು. ಚಿಕ್ಕಂದಿನಲ್ಲಿ ಇದೇ ಕಟ್ಟೆಯ ಮೇಲೆ ಅಜ್ಜನ ಪದ ಕೇಳುತ್ತ ನಿದ್ದೆ ಹೋದವಳು ಅವಳು.

"ಅಜ್ಜಾರ, ನನ್ನ ಶಿಷ್ಯೆ ಮಾಡ್ಕೋರಿ. ಒಂದು ಪದಾನೂ ಕಳೀಗೊಡಂಗಿಲ್ಲ."

"ಕಲೀತೀ ಏನವ್ವ?"

"ಮೊದಲ ಎಲ್ಲಾ ರೆಕಾರ್ಡ್ ಮಾಡಿ ಇಡ್ತೀನ್ರಿ. ಕಲಿಯೂದು ಆಮ್ಯಾಲ ಇದ್ದೇ ಐತಿ."

"ಹಂಗಂದ್ರ ಹಂಗ," ಅಂದರು ಅಜ್ಜ.

ಮೊದಲ ದಿನ ತನ್ನ ಹಳೆಯ ಕಂಪ್ಯೂಟರನ್ನೇ ತಂದಿಟ್ಟಳು. ಅಜ್ಜ ಹಾಡಿದರು. ಕೇಳಿ ನೋಡಿದರೆ ಪದಕ್ಕಿಂತ ಫ್ಯಾನಿನ ಗುಂಯ್‌ಗುಡುವಿಕೆಯೇ ಹೆಚ್ಚು.

"ಇದು ಹಾಡೂದು ಚಲೋ ಐತಿ," ಅಂದರು ಅಜ್ಜ. "ಶ್ರುತಿನೂ ಬಿಡಂಗಿಲ್ಲ."

ನೀಲಾಂಬಿಕೆಗೆ ನಾಚಿಕೆಯಾಯಿತು. ಸದ್ದೇ ಮಾಡದ ಹೊಸ ಕಂಪ್ಯೂಟರನ್ನು ತನ್ನ ಕೈಯಾರೆ ಕಟ್ಟುತ್ತೇನೆಂದು ಅವತ್ತೇ ತೀರ್ಮಾನ ಮಾಡಿದಳು.

ಮಠದ ಹೊರಕೋಣೆಯಲ್ಲಿ ಡಬ್ಬಿಗಳು ಬಂದು ಬಿದ್ದವು. ಅಜ್ಜ ಪಕ್ಕದಲ್ಲಿ ಕೂತು ಒಂದೊಂದೇ ಸ್ಕ್ರೂ ಎತ್ತಿ ಕೊಟ್ಟರು. ಪ್ರೊಸೆಸರಿನ ಮೇಲೆ ಅವಳು ಬೂದಿ ಬಣ್ಣದ ಪೇಸ್ಟ್ ಹಚ್ಚುವುದನ್ನು ಕಂಡು ಅವರಿಗೆ ಭಾರಿ ಖುಷಿಯಾಯಿತು.

"ವಿಭೂತಿ ಹಚ್ಚಿದ್ಯಲ್ಲವ್ವ. ಇದಕ್ಕೂ ದೀಕ್ಷಾ ಆತೇನು?"

"ಇದು ಶಾಖ ಎಳ್ಕೊಳ್ಳಾಕ್ರಿ ಅಜ್ಜಾರ."

"ನಮ್ಮದೂ ಅದಕ್ಕ," ಅಂದರು.

ದೊಡ್ಡ ರೆಕ್ಕೆಯ, ನಿಧಾನ ತಿರುಗುವ ಫ್ಯಾನು ಹಾಕಿದಳು. ಫ್ಯಾನು ನಡುಗಿ ಡಬ್ಬಿ ದನಿ ಮಾಡದಂತೆ ಮೂಲೆ ಮೂಲೆಗೆ ರಬ್ಬರಿನ ತುಂಡು ಕೊಟ್ಟಳು. ಗುರುಗುಡುತ್ತ ತಿರುಗುವ ಡಿಸ್ಕ್ ಹಾಕಲೇ ಇಲ್ಲ. ಖಾಲಿ ಕೋಣೆಯಲ್ಲಿ ಮೈಕ್ ಇಟ್ಟು ಪರೀಕ್ಷೆ ಮಾಡಿದಾಗ ಹೊರಗಿನ ಹೊಳೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವಳು ಒಬ್ಬಳೇ ಕೂತು ನಕ್ಕಳು.

ಅಜ್ಜ ಬಂದು ಒಂದು ಸಣ್ಣ ಪದ ಹಾಡಿದರು. ಹಾಡಿನ ಹಿಂದೆ ಮತ್ತೆ ಏನೋ ಒಂದು ಸದ್ದು. ಸರ್‌ ಅಂತ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ.

ಅವಳು ಲೆಕ್ಕ ಹಾಕಿದಳು. ಖಾಲಿ ಕೋಣೆಯಲ್ಲಿ ಇಲ್ಲ, ಅಜ್ಜ ಹಾಡಿದಾಗ ಇದೆ. ಹಾಡಿದಾಗ ಯಂತ್ರಕ್ಕೆ ಕೆಲಸ ಹೆಚ್ಚು. ಅಂದಮೇಲೆ ಇದು ದಣಿದ ಯಂತ್ರದ್ದೇ ಸದ್ದು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಡಿಪಾಟಲು.

ಫ್ಯಾನು ಬದಲಿಸಿದಳು, ಸದ್ದು ಹೋಗಲಿಲ್ಲ. ಕರೆಂಟಿನ ಪೆಟ್ಟಿಗೆ ಬದಲಿಸಿದಳು, ಹೋಗಲಿಲ್ಲ. ಯಂತ್ರವನ್ನು ಪಕ್ಕದ ಕೋಣೆಗೆ ಒಯ್ದು ಗೋಡೆಯಲ್ಲಿ ತೂತು ಕೊರೆದು ವೈರು ಎಳೆದಳು. ಆಗಲೂ ಹೋಗಲಿಲ್ಲ. ವೈರಿನಲ್ಲಿ ಹರಿದು ಬರುತ್ತಿದೆ ಅಂದುಕೊಂಡು ಯಂತ್ರವನ್ನು ಮತ್ತೆ ಮೊದಲಿನ ಜಾಗಕ್ಕೇ ತಂದಳು.

ಕೊನೆಗೆ, ಹಾಡುತ್ತಿರುವಾಗಲೇ ಸದ್ದನ್ನು ಸೋಸಿ ತೆಗೆಯುವ ಒಂದು ಸಾಫ್ಟ್‌ವೇರ್ ಹಾಕಿದಳು. ಮುದುಕರ ಕೈಲಿ ಒಂದೇ ಪದವನ್ನು ಎರಡು ಸಲ ಹಾಡಿಸಬಾರದು, ಸರಿಯಾಗಿದೆಯೋ ಇಲ್ಲವೋ ಅಲ್ಲಿಯೇ ಗೊತ್ತಾಗಬೇಕು ಎಂಬುದು ಅವಳ ಕಳಕಳಿ. ಆದರೆ ಅದಕ್ಕೆ ಬಹಳ ವೇಗ ಬೇಕು. ಪ್ರೊಸೆಸರನ್ನು ಅದನ್ನು ಮಾಡಿದವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸತೊಡಗಿದಳು. ಓವರ್‌ಕ್ಲಾಕಿಂಗ್ ಅನ್ನುತ್ತಾರೆ ಇದಕ್ಕೆ. ಜೋರಾಗಿ ಓಡಿದ್ದು ಬಿಸಿಯಾಯಿತು. ಬಿಸಿಯಾದಾಗ ಫ್ಯಾನು ಭರ್ರೆಂದಿತು.

ಅಜ್ಜ ಬಾಗಿಲಲ್ಲಿ ನಿಂತು ನೋಡಿದರು. "ಯಾಕವ್ವ ಇದು ಮತ್ತ ಹಾಡಾಕತ್ತೈತಿ?"

"ಜೋರ್ ಓಡಸಾಕತ್ತೀನ್ರಿ."

"ಯಾಕ?"

"ಸದ್ದು ತಗೀಬೇಕಲ್ರಿ."

ಅಜ್ಜ ಒಳಗೆ ಬಂದು ಫ್ಯಾನಿನ ಗಾಳಿಗೆ ಕೈ ಒಡ್ಡಿದರು. "ಸದ್ದು ತಗಿಯಾಕ ಓಡಸ್ತೀ. ಓಡಿದ್ರ ಸದ್ದು ಮಾಡ್ತೈತಿ. ನೀ ಉಂಡ್ಯೇನು?"

ಅವಳು ಉಂಡಿರಲಿಲ್ಲ.

ಅಂಗೈ ಅಗಲದ ತಾಮ್ರದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಗೋಪುರದಂಥ, ಶಾಖ ಹೀರುವ ಹೀಟ್‌ಸಿಂಕ್ ತರಿಸಿದಳು. ವೇಗವನ್ನು ಒಂದು ಗುಲಗಂಜಿ ಏರಿಸುವುದು, ಶಾಖ ನೋಡುವುದು, ಇಳಿಸುವುದು, ಮತ್ತೆ ಏರಿಸುವುದು. ಅವಳು ಬಂದಾಗ ಕೆಂಪಗೆ ದಂಡೆ ತುಂಬಿದ್ದ ಹೊಳೆ ಇಳಿದು ಇಳಿದು ದಾಟುವ ಕಲ್ಲುಗಳು ಕಂಡವು. ಅಜ್ಜ ಈಗ ಎರಡು ಪದ ಹಾಡಿದರೆ ಗೋಡೆಗೆ ಒರಗುತ್ತಿದ್ದರು.

ಅಂಥ ಒಂದು ಬೆಳಗ್ಗೆ ಅಜ್ಜ ತಾವಾಗಿಯೇ ಏಕತಾರಿ ತೆಗೆದುಕೊಂಡು ಬಂದು ಕೂತರು.

"ಇವತ್ತು ಎದಿ ಹಗುರ ಐತಿ. ದೋಣಿ ಪದ ಹಾಡ್ತೀನಿ."

ನೀಲಾಂಬಿಕೆ ಹಿಗ್ಗಿಹೋದಳು. ಯಂತ್ರ ಹಚ್ಚಿದಳು. ಅಜ್ಜ ಕಣ್ಣು ಮುಚ್ಚಿ ದೋಣಿಯನ್ನು ದಂಡೆಯಿಂದ ಬಿಟ್ಟರು. ಕಾಲು ತಾಸು ಹಾಡಿದರು. ಇಷ್ಟು ತುಂಬಿದ ದನಿ ಬಂದು ಎಷ್ಟೋ ದಿನವಾಗಿತ್ತು. ನಡುಹೊಳೆಗೆ ಬರುವ ಹೊತ್ತಿಗೆ ಪರದೆ ಒಮ್ಮೆಲೇ ನೀಲಿಯಾಗಿ ಯಂತ್ರ ನಿಂತುಹೋಯಿತು. ಒಂದು ಸಾಲೂ ಉಳಿದಿರಲಿಲ್ಲ.

ಅವಳು ಎದ್ದು ಅಜ್ಜನ ಕಾಲ ಮೇಲೆ ಬಿದ್ದಳು. "ಆಶೆಬುರುಕಿ ನಾನು, ತಪ್ಪಾತ್ರಿ. ವೇಗ ಭಾಳ ಏರಿಸಿಬಿಟ್ಟೆ. ಎಲ್ಲಾ ಹೋತ್ರಿ."

"ಏನು ಹೋತು? ನೀ ಇಲ್ಲೇ ಇದ್ದ್ಯಲ್ಲ. ಕೇಳಿದ್ದಿಲ್ಲೇನು?"

ಅವಳು ಬಾಯಿ ತೆರೆದಳು. ಮೊದಲ ಸಾಲಿನ ಆಚೆ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಶಾಖ ಎಷ್ಟು ಏರೈತಿ ಅಂತ ನೋಡಾಕತ್ತಿದ್ದೆ, ಅಜ್ಜಾರ."

ಅಜ್ಜ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಅವರು ಗೋಡೆಗೆ ಒರಗಿ ಬಹಳ ಹೊತ್ತು ದಣಿವಾರಿಸಿಕೊಂಡರು.

ಅವಳು ವೇಗವನ್ನು ಒಂದು ಮೆಟ್ಟಿಲು ಇಳಿಸಿದಳು. ಯಂತ್ರ ತಂಪಾಯಿತು, ಗಟ್ಟಿಯಾಗಿ ನಿಂತಿತು, ಉಸಿರೆತ್ತದೆ ಕೆಲಸ ಮಾಡಿತು. ಎಂಟು ದಿನ ಕಳೆದ ಮೇಲೆ ಅಜ್ಜ ಒಂದು ಸಣ್ಣ ಪದ ಹಾಡಿದರು. ಈ ಸಲ ಹಾಡಿನ ಹಿಂದೆ ಯಾವ ಸದ್ದೂ ಇರಲಿಲ್ಲ. ಅವಳು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅಜ್ಜನನ್ನು ಸ್ಪೀಕರಿನ ಮುಂದೆ ಕೂರಿಸಿದಳು.

ಅಜ್ಜ ತಲೆ ವಾರೆ ಮಾಡಿ ಪೂರ್ತಿ ಕೇಳಿದರು.

"ಯಾರವ್ವ ಇಂವ?"

"ನೀವೇ ಅಲ್ರಿ, ಅಜ್ಜಾರ!"

"ನಾನಽ? ಇಂವ ಉಸಿರೇ ಆಡವಲ್ಲ. ಯಾವಾಗ ಸತ್ತ?"

ಅವಳು ನಕ್ಕಳು. ಅಜ್ಜ ನಗಲಿಲ್ಲ.

"ಸೋಸಿ ತಗದದ್ದು ಎಲ್ಲಿ ಚೆಲ್ಲಿದಿ?"

"ಚೆಲ್ಲಿಲ್ರಿ. ಅದು ಬ್ಯಾರೆ ಇರ್ತೈತಿ."

"ಅದನ್ನ ಹಚ್ಚು, ನೋಡೂಣು."

ಅವಳು ಹಾಡನ್ನು ಮುಚ್ಚಿ, ಸೋಸಿದ ಸದ್ದನ್ನಷ್ಟೇ ಹಚ್ಚಿದಳು.

ಸರ್‌ ಎಂದಿತು. ನಿಂತಿತು. ಒಳಗೆ ಹೋಯಿತು, ಎಲ್ಲೋ ಕಫದಲ್ಲಿ ತಡೆಯಿತು, ತಡೆದಲ್ಲಿಂದ ಹೊರಗೆ ಬಂತು. ಸ್ಪೀಕರಿನಲ್ಲಿ ಬರುತ್ತಿದ್ದುದೂ ಪಕ್ಕದಲ್ಲಿ ಕೂತ ಮುದುಕರ ಎದೆಯಲ್ಲಿ ಬರುತ್ತಿದ್ದುದೂ ಒಂದೇ ಎಂದು ನೀಲಾಂಬಿಕೆಗೆ ಆಗ ತಿಳಿಯಿತು. ಇಷ್ಟು ದಿನ ಫ್ಯಾನಿನಲ್ಲಿ, ವೈರಿನಲ್ಲಿ, ಗೋಡೆಯಾಚೆ ಅವಳು ಹುಡುಕಿದ್ದು ಇದನ್ನು. ಗುರುತು ಸಿಗದ್ದೇನಲ್ಲ. ಅದು ಅಜ್ಜನ ದಣಿದ ಉಸಿರೆಂದು ಗುರುತು ಸಿಗುವುದು ಅವಳಿಗೇ ಬೇಕಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

ಅಜ್ಜನ ಕಣ್ಣು ಮುಚ್ಚಿತ್ತು. ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು, ತುಟಿ ಸದ್ದಿಲ್ಲದೆ ಆಡುತ್ತಿತ್ತು. ಬರೀ ಉಸಿರು ಹಿಡಿದುಕೊಂಡೇ ಅವರು ಆ ಪದವನ್ನು ಮೊದಲಿನಿಂದ ಕೊನೆಯವರೆಗೆ ಒಳಗೇ ಹಾಡಿ ಮುಗಿಸಿದರು.

"ಒಂದು ವರ್ಷ ನಮ್ಮ ಗುರುಗಳು ನನಗ ಬಾಯಿ ತಗಿಯಾಕ ಬಿಡಲಿಲ್ಲ," ಅಂದರು. "ಬೆನ್ನ ಹಿಂದ ಕುಂದರಸತಿದ್ರು. ಬೆನ್ನ ಮ್ಯಾಲ ಕೈ ಇಡು ಅಂತಿದ್ರು. ಎಲ್ಲಿ ಉಸಿರು ತಗೋತಾರ, ಎಲ್ಲಿ ಹಿಡೀತಾರ, ಎಲ್ಲಿ ಬಿಡ್ತಾರ, ಎಲ್ಲಾ ಕೈಗೆ ತಿಳೀತಿತ್ತು. ಅವರಿಗೆ ಅವರ ಗುರುಗಳೂ ಹಿಂಗೇ ಕಲಿಸಿದ್ದು."

ನೀಲಾಂಬಿಕೆ ಕಣ್ಣೊರೆಸಿಕೊಂಡಳು. "ನನಗ ಒಂದು ವರ್ಷ ಎಲ್ಲಿಂದ ತರಲ್ರಿ, ಅಜ್ಜಾರ? ಹೊಳಿ ಇಳಿಯೂತನಕಾ ಸ್ಕ್ರೂ ತಿರುವಿ ಕಳೆದೆ."

ಅಜ್ಜ ಏಕತಾರಿ ಎತ್ತಿಕೊಂಡರು. ಶಾಲು ಸರಿಪಡಿಸಿಕೊಂಡು, ಅವಳಿಗೆ ಬೆನ್ನು ಮಾಡಿ ಕೂತರು.

ಅವಳು ಹಿಂದೆ ಕೂತು ಬೆನ್ನ ಮೇಲೆ ಅಂಗೈ ಇಟ್ಟಳು. ಬೆನ್ನು ಸಣ್ಣದಾಗಿತ್ತು, ಬೆಚ್ಚಗಿತ್ತು. ಕೈಯ ಕೆಳಗೆ ಉಸಿರು ಏರಿತು, ಒಂದು ಕಡೆ ತಡೆಯಿತು, ಇಳಿಯಿತು. ಅಜ್ಜ ತಂತಿ ಮೀಟಿದರು. ಅದು ದೋಣಿಯ ಪದದ ಶ್ರುತಿ.

ಇದು ಇನ್ನೊಂದು ಸಲ ಆಗುವುದೋ ಇಲ್ಲವೋ. ಯಂತ್ರ ಅಲ್ಲೇ ಕೈಗೆ ಸಿಗುವಷ್ಟು ದೂರದಲ್ಲಿ ಸುಮ್ಮನೆ ಕೂತಿತ್ತು.

"ಅಜ್ಜಾರ," ಅವಳು ಹೆದರುತ್ತ ಕೇಳಿದಳು, "ರೆಕಾರ್ಡಿಗೆ ಹಚ್ಚಲೇನ್ರಿ? ಏನೂ ಸೋಸಂಗಿಲ್ಲ."

ಅಜ್ಜ ತಿರುಗಿ ನೋಡಲಿಲ್ಲ.

"ಹಚ್ಚವ್ವ. ಆದರ ಒಂದೇ ಕೈಲೆ ಹಚ್ಚು. ಈ ಕೈ ತಗೀಬ್ಯಾಡ."