ಗಾಜಿನ ಮುಚ್ಚಳ

ಕಪಿಲೆಯ ದಡದಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಸಿದ್ಧವೀರ ಸ್ವಾಮಿಗಳು ಇದ್ದರು. ಅವರನ್ನು ನೆನೆದರೆ ಈಗಲೂ ನನ್ನ ಮನಸ್ಸು ತಣ್ಣಗಾಗುತ್ತದೆ.

ಸನ್ಯಾಸಕ್ಕೆ ಮೊದಲು ಅವರು ದೇವಸ್ಥಾನಗಳ ಮರದ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದವರು. ಕಾವಿ ಉಟ್ಟರು, ಮನೆ ಬಿಟ್ಟರು. ಕುಂಚವನ್ನು ಮಾತ್ರ ಬಿಡಲಿಲ್ಲ.

ಶನಿವಾರ ಬೆಳಗಿನ ಪೂಜೆ ಮುಗಿದ ಮೇಲೆ ಆಶ್ರಮದ ಜಗಲಿಯಲ್ಲಿ ಮೂವರು ಸೇರುತ್ತಿದ್ದರು. ಮೂವರಿಗೂ ಒಂದೇ ಹುಚ್ಚು. ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಕಟ್ಟುವುದು. ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ ಭಾಗಗಳನ್ನು ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಹಚ್ಚುವುದು.

ಒಬ್ಬರು ಗಡಿಯಾರ ರಿಪೇರಿಯ ಸಮೀವುಲ್ಲಾ ಸಾಹೇಬರು. ಇನ್ನೊಬ್ಬರು ಅಂಚೆ ಕಚೇರಿಯಿಂದ ನಿವೃತ್ತರಾದ ಗುರುಪಾದಪ್ಪ. ಮೂರನೆಯವನು ಚನ್ನಂಜಪ್ಪ. ವಾಯುಪಡೆಯಲ್ಲಿ ವಿಮಾನಗಳನ್ನು ನೋಡಿಕೊಳ್ಳುತ್ತಿದ್ದವನು. ಅವನೊಬ್ಬನೇ ಸ್ವಾಮಿಗಳಿಂದ ದೀಕ್ಷೆ ಪಡೆದ ಶಿಷ್ಯ.

"ಮಠದಲ್ಲಿ ಯುದ್ಧವಿಮಾನವೇ ಬುದ್ಧಿ?" ಎಂದು ಯಾರೋ ಭಕ್ತರು ಒಮ್ಮೆ ಕೇಳಿದ್ದರು.

"ದೇವರ ಮೂರ್ತಿ ಮಾಡುವಾಗ ತ್ರಿಶೂಲವನ್ನೂ ಮಾಡ್ತೀವಲ್ಲಪ್ಪ," ಎಂದಿದ್ದರು ಸ್ವಾಮಿಗಳು.

ಜಗಲಿಯ ಮೇಲೆ ಕೆಲಸಕ್ಕಿಂತ ಮಾತೇ ಹೆಚ್ಚು.

"ಏನ್ರೀ ಗುರುಪಾದಪ್ಪನೋರೇ, ಇದು ಬಣ್ಣವೋ ಗಾರೆಯೋ? ಇಷ್ಟು ದಪ್ಪ ಮೆತ್ತಿದ್ರೆ ವಿಮಾನ ಹಾರೋದಿರಲಿ, ಎದ್ದು ಕೂರೋದೂ ಕಷ್ಟ."

"ನಿಮ್ಮದು ನೋಡ್ಕೊಳ್ಳಿ ಸಾಬ್ರೇ. ಗಡಿಯಾರ ರಿಪೇರಿಯವರ ವಿಮಾನ. ಹಾರಿದ್ರೂ ಇಪ್ಪತ್ತು ನಿಮಿಷ ಲೇಟು."

ಚನ್ನಂಜಪ್ಪ ಮಾತ್ರ ತಲೆ ಎತ್ತುತ್ತಿರಲಿಲ್ಲ. ಆರು ತಿಂಗಳಿಂದ ಅವನ ಮುಂದೆ ಒಂದೇ ವಿಮಾನ. ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಬೆಳ್ಳಿ ಬಣ್ಣದ ಮಿಗ್.

ಆ ಬೆಳ್ಳಿ ಬಣ್ಣವನ್ನು ಸ್ವಾಮಿಗಳೇ ಕಲಸಿಕೊಟ್ಟಿದ್ದರು. ಅದಕ್ಕೆ ಒಂದು ತೊಟ್ಟು ಕಪ್ಪು ಬೆರೆಸಿದ್ದರು.

"ಯಾಕೆ ಬುದ್ಧಿ?"

"ಬಿಸಿಲು ಮಳೆ ಕಂಡ ಲೋಹ, ಅಂಗಡಿಯ ಹೊಸ ಪಾತ್ರೆಯ ಹಾಗೆ ಹೊಳೆಯೋದಿಲ್ಲಪ್ಪ."

ಅದು ಯಾವುದೋ ಒಂದು ಮಿಗ್ ಆಗಿರಲಿಲ್ಲ. ಬಾಲದ ಮೇಲಿನ ನಂಬರೂ ಸೇರಿದಂತೆ ಅದು ಜಯಸಿಂಹ ಎಂಬ ತರುಣ ಪೈಲಟ್‌ನ ವಿಮಾನ. ನಲವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅದು ಮೇಲೆ ಹೋಯಿತು. ಮತ್ತೆ ಬರಲಿಲ್ಲ.

ಜಯಸಿಂಹನ ತಾಯಿ ತುಳಸಮ್ಮ ಇನ್ನೂ ಮೈಸೂರಿನಲ್ಲಿ ಇದ್ದರು. ಅವರ ವಿಳಾಸವನ್ನು ಗುರುಪಾದಪ್ಪನವರೇ ಹುಡುಕಿಕೊಟ್ಟಿದ್ದರು. ಚನ್ನಂಜಪ್ಪ ಹದಿನೈದು ಸಲ ಬರೆದು ಹರಿದು, ಕೊನೆಗೆ ನಾಲ್ಕು ಸಾಲು ಬರೆದ.

"ನಿಮ್ಮ ಮಗನ ವಿಮಾನವನ್ನು ಚಿಕ್ಕದಾಗಿ ಕಟ್ಟುತ್ತಿದ್ದೇನೆ ತಾಯಿ. ಅವರು ಒಳಗೆ ಕೂತಿರುವ ಹಾಗೆ. ತಾವು ನೋಡಬೇಕು. ತಮ್ಮಲ್ಲಿ ಒಂದು ಮಾತು ಹೇಳುವುದಿದೆ."

ಉತ್ತರ ಕಾರ್ಡಿನಲ್ಲಿ ಬಂತು, ಫೋನ್ ನಂಬರಿನ ಜೊತೆ. "ಮುಂದಿನ ಭಾನುವಾರ ಹತ್ತು ಗಂಟೆಗೆ ಬರುತ್ತೇನೆ."

ಆ ಭಾನುವಾರದ ಹಿಂದಿನ ದಿನ. ಶನಿವಾರ ಬೆಳಿಗ್ಗೆ.

ಚನ್ನಂಜಪ್ಪ ವಿಮಾನದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಂದ. ಸ್ವಾಮಿಗಳ ಮುಂದೆ ಇಟ್ಟು ಮುಖ ಮುಚ್ಚಿಕೊಂಡ.

"ಹಾಳಾಯ್ತು ಬುದ್ಧಿ."

ಪೈಲಟ್ ಕೂರುವ ಜಾಗದ ಮೇಲೆ ಪಾರದರ್ಶಕ ಮುಚ್ಚಳವೊಂದು ಇರುತ್ತದೆ. ಗಾಜಿನ ಹಾಗೆ ತೆಳು. ಹಿಂದಿನ ರಾತ್ರಿ ಅದನ್ನು ಅಂಟಿಸಿದ್ದ. ಬೆಳಗಾಗುವಷ್ಟರಲ್ಲಿ ಅದರೊಳಗೆಲ್ಲ ಮಂಜು ಹಿಡಿದ ಹಾಗೆ ಬೆಳ್ಳಗಾಗಿತ್ತು. ಒಳಗೆ ಕೂತಿದ್ದ ಪುಟ್ಟ ಪೈಲಟ್ ಕಾಣುತ್ತಲೇ ಇರಲಿಲ್ಲ.

ಸಮೀವುಲ್ಲಾ ಬಗ್ಗಿ ನೋಡಿದರು. ನಾಲಿಗೆ ಕಚ್ಚಿಕೊಂಡರು.

"ಕ್ಷಣದಲ್ಲಿ ಹಿಡಿಯೋ ಅಂಟು ಹಾಕಿದ್ದೀರಿ! ಅದರ ಹಬೆಗೆ ಗಾಜು ಹೀಗೇ ಆಗುತ್ತೆ ಅಂತ ನಾವು ಎಷ್ಟು ಸಲ ಬಡ್ಕೊಂಡಿಲ್ಲ? ಹೊಸದಾಗಿ ಕಟ್ಟೋರೂ ಒಂದೇ ಸಲ ಮಾಡೋ ತಪ್ಪು ಇದು."

ಚನ್ನಂಜಪ್ಪ ಹೊಸಬನಲ್ಲ. ಅವನ ಕೈಯಲ್ಲಿ ಇಪ್ಪತ್ತು ವಿಮಾನ ಎದ್ದಿದ್ದವು.

"ಗಾಜಿಗೆ ಹಾಕೋ ಬಿಳಿ ಅಂಟು ಇರಲಿಲ್ಲವಾ?" ಕೇಳಿದರು ಸ್ವಾಮಿಗಳು.

"ಇತ್ತು ಬುದ್ಧಿ."

"ಮತ್ತೆ?"

"ಗಟ್ಟಿಯಾಗಿ ಕೂತಿರಲಿ ಅಂತ..."

"ಬಿಳಿ ಅಂಟು ಸಾಲದಾ?"

"ಸಾಲದು ಅನ್ನಿಸ್ತು."

"ಹಾರದೇ ಇರೋ ವಿಮಾನಕ್ಕೆ?"

ಚನ್ನಂಜಪ್ಪ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ತುಳಸಮ್ಮನೋರಿಗೆ ಫೋನ್ ಮಾಡಿ ಬರಬೇಡಿ ಅಂದುಬಿಡ್ತೀನಿ ಬುದ್ಧಿ. ಇನ್ನೊಂದು ಡಬ್ಬಿ ತರಿಸ್ತೀನಿ. ಮೊದಲಿಂದ ಕಟ್ತೀನಿ."

"ಎಷ್ಟು ದಿನ ಬೇಕು?"

"ಆರು ತಿಂಗಳು."

"ಅವರಿಗೆ ಎಷ್ಟು ವಯಸ್ಸು?"

"ಎಂಬತ್ತಾರು."

ಸ್ವಾಮಿಗಳು ವಿಮಾನವನ್ನು ಕೈಗೆತ್ತಿಕೊಂಡರು. ದೇವರ ಉತ್ಸವಮೂರ್ತಿಯನ್ನು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದರು. ಬೆಳಕಿಗೆ ತಿರುಗಿಸಿದರು.

"ಅಂಟಿನ ಮಾತು ಸಾಕು. ಅವರಿಗೆ ಹೇಳೋದು ಏನೋ ಇದೆ ಅಂತ ಬರೆದೆಯಲ್ಲ. ಅದೇನಪ್ಪ?"

ಗೆಳೆಯರಿಬ್ಬರೂ ಏಳಲು ಹೋದರು. ಚನ್ನಂಜಪ್ಪನೇ ಕೈ ಸನ್ನೆ ಮಾಡಿ ಕೂರಿಸಿದ.

"ಅವತ್ತು ಅವರಿಗೆ ಬೆಲ್ಟ್ ಬಿಗಿದವನು ನಾನು ಬುದ್ಧಿ. ಇಪ್ಪತ್ತೆರಡು ವರ್ಷ ನನಗೆ. ಈ ಮುಚ್ಚಳ ಒತ್ತಿ, ಕೂತಿದೆಯಾ ಅಂತ ನೋಡಿ, 'ಎಲ್ಲಾ ಸರಿಯಾಗಿದೆ ಸಾರ್' ಅಂದವನೂ ನಾನೇ. ಅವರು ನಕ್ಕು ಹೆಬ್ಬೆರಳು ಎತ್ತಿದ್ರು. ಅಷ್ಟೇ."

"ಆಮೇಲೆ?"

"ಹಕ್ಕಿ ಬಡಿದು ಇಂಜಿನ್ ಆರಿಹೋಯ್ತು ಅಂತ ವಿಚಾರಣೆಯಲ್ಲಿ ತಿಳೀತು. ಮುಚ್ಚಳದ್ದೇನೂ ತಪ್ಪಿಲ್ಲ ಅಂತ ದೊಡ್ಡವರೇ ಕರೆದು ಹೇಳಿದ್ರು. ಕಿವಿ ನಂಬಿತು ಬುದ್ಧಿ. ಈ ಕೈ ನಂಬಲಿಲ್ಲ. ಸರಿಯಾಗಿ ಒತ್ತಿದ್ನಾ, ಸರಿಯಾಗಿ ಒತ್ತಿದ್ನಾ ಅಂತ ನಲವತ್ತು ವರ್ಷದಿಂದ ಕೇಳ್ತಾನೇ ಇದೆ."

"ನಾನು ಕೇಳಿದ್ದು ಅದಲ್ಲ. ವಿಮಾನ ಹೋದ ಮೇಲೆ ನೀನು ಏನು ಮಾಡಿದೆ?"

"ಏಣಿ ಹಿಡ್ಕೊಂಡು ನಿಂತೆ."

"ಯಾಕೆ?"

"ನಮ್ಮಲ್ಲಿ ಪದ್ಧತಿ ಬುದ್ಧಿ. ಯಾರು ಕಳಿಸ್ತಾರೋ ಅವರೇ ಇಳಿಸಿಕೊಳ್ಳಬೇಕು. ವಿಮಾನ ಬಂದು ನಿಂತ ಕೂಡಲೇ ಏಣಿ ಹಾಕಬೇಕು, ಮುಚ್ಚಳ ಎತ್ತಬೇಕು, ಬೆಲ್ಟ್ ಬಿಚ್ಚಬೇಕು. ಸಾಯಂಕಾಲದ ತನಕ ನಿಂತಿದ್ದೆ. ಕೊನೆಗೆ ನನ್ನ ಮೇಲಿನ ಕಾರ್ಪೊರಲ್ ಬಂದು ಏಣಿ ನನ್ನ ಕೈಯಿಂದ ಬಿಡಿಸಿಕೊಂಡ್ರು."

ಕೆಳಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು.

"ಹಾಗಾದ್ರೆ ನಿನ್ನ ಕೆಲಸ ಅರ್ಧ ಉಳಿದಿದೆ," ಎಂದರು ಸ್ವಾಮಿಗಳು.

ಸಣ್ಣ ಚೂರಿಯನ್ನು ಅವನ ಮುಂದೆ ಸರಿಸಿದರು.

"ತೆಗಿ."

"ಸೀಳಿಬಿಡುತ್ತೆ ಬುದ್ಧಿ. ಆ ಅಂಟು ಬಿಡೋದಿಲ್ಲ."

"ಸೀಳಿದ್ರೆ ಸೀಳಲಿ. ಮುಚ್ಚಿಯೇ ಇದ್ರೆ ಅದು ಮುಚ್ಚಳವಲ್ಲಪ್ಪ."

ಸಮೀವುಲ್ಲಾ ತಮ್ಮ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಒರೆಸಿ ಕೊಟ್ಟರು. ಗುರುಪಾದಪ್ಪ ವಿಮಾನವನ್ನು ಅಲುಗದ ಹಾಗೆ ಹಿಡಿದರು. ಸ್ವಾಮಿಗಳು ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳತೊಡಗಿದರು.

ಚೂರಿಯ ತುದಿ ಅಂಚಿನ ಸುತ್ತ ಕೂದಲೆಳೆಯಷ್ಟೇ ಸರಿಯಿತು. ನಿಂತಿತು. ಮತ್ತೆ ಸರಿಯಿತು.

"ಉಸಿರಾಡಿ ಮಾರಾಯ್ರೇ," ಎಂದು ಪಿಸುಗುಟ್ಟಿದರು ಗುರುಪಾದಪ್ಪ. "ನೀವು ಬಿಡೋ ತನಕ ನಾನೂ ಬಿಡೋ ಹಾಗಿಲ್ಲ."

ಮುಕ್ಕಾಲು ಗಂಟೆ ಹಿಡಿಯಿತು. ಚಿಟ್ ಎಂದು ಒಂದು ಸದ್ದಾಯಿತು. ಮೂವರೂ ಒಟ್ಟಿಗೆ ಬಗ್ಗಿ ನೋಡಿದರು.

ಮುಚ್ಚಳ ಸೀಳಿರಲಿಲ್ಲ. ಬಿಟ್ಟುಕೊಂಡಿತ್ತು, ಅಷ್ಟೇ.

ಸ್ವಾಮಿಗಳು ಒಳಗೆ ಹೋಗಿ ತಮ್ಮ ಹಲ್ಲುಜ್ಜುವ ಪೇಸ್ಟನ್ನೇ ತಂದುಕೊಟ್ಟರು. ಮಾದರಿ ಕಟ್ಟುವವರಿಗೆ ಗೊತ್ತಿರುವ ಉಪಾಯ ಅದು. ಹಳೆಯ ಪಂಚೆಯ ಮೆತ್ತನೆ ತುಂಡಿಗೆ ಪೇಸ್ಟ್ ಹಚ್ಚಿ, ಚನ್ನಂಜಪ್ಪ ಮುಚ್ಚಳದ ಒಳಮೈಯನ್ನು ಉಜ್ಜಿದ. ಮಧ್ಯಾಹ್ನದ ಪ್ರಸಾದದ ಗಂಟೆ ಬಾರಿಸುವ ಹೊತ್ತಿಗೆ ಬಿಳುಪು ಹೋಗಿ ಅವನ ಬೆರಳ ಗೆರೆಗಳು ಅದರೊಳಗಿಂದ ಕಂಡವು.

"ದೇವರು ದೊಡ್ಡವನು," ಎಂದ ಚನ್ನಂಜಪ್ಪ. "ಈಗ ಬಿಳಿ ಅಂಟು ಹಾಕಿ ಮುಚ್ಚಿಬಿಡ್ತೀನಿ ಬುದ್ಧಿ."

"ಮುಚ್ಚಿದ್ದು ಒಂದು ಸಲ ಆಯ್ತಲ್ಲ."

ಅವನಿಗೆ ಅರ್ಥವಾಗಲಿಲ್ಲ.

"ಬೆಲ್ಟ್ ಬಿಚ್ಚಪ್ಪ," ಎಂದರು ಸ್ವಾಮಿಗಳು.

ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಎತ್ತರದ ಪೈಲಟ್. ಅವನ ಎದೆಯ ಮೇಲೆ ಕಾಗದ ಕತ್ತರಿಸಿ, ಬಣ್ಣ ಹಚ್ಚಿ ಮಾಡಿದ ಎಳೆಯಂಥ ಪಟ್ಟಿಗಳು. ಚನ್ನಂಜಪ್ಪ ಸೂಜಿ ಹಿಡಿದ. ಪಟ್ಟಿಯ ಹತ್ತಿರ ತಂದವನು ಅಲ್ಲೇ ನಿಲ್ಲಿಸಿದ.

"ಬುದ್ಧಿ, ಇವರನ್ನು ತೆಗೆದುಬಿಟ್ರೆ ಖಾಲಿ ಆಗುತ್ತೆ. ಆ ತಾಯಿ ಬರ್ತಿರೋದು ಮಗನ್ನ ನೋಡೋಕೆ. ಒಳಗೆ ಕೂತಿರ್ತಾರೆ ಅಂತ ನಾನೇ ಬರೆದಿದ್ದೀನಿ. ನಾಳೆ ಏನು ಹೇಳಲಿ?"

"ನಾಳೆಯದು ನಾಳೆಗೆ. ಇಷ್ಟು ಹೊತ್ತು ಬಿಗಿದುಕೊಂಡು ಕೂತಿದ್ದಾನೆ. ಮೊದಲು ಬಿಚ್ಚು."

ಅವನು ಬಿಚ್ಚಿದ. ಎಡಗಡೆಯದು. ಬಲಗಡೆಯದು. ಪಟ್ಟಿಗಳು ಆಸನದ ಎರಡೂ ಬದಿಗೆ ಜೋತುಬಿದ್ದವು. ಚಿಮಟದಲ್ಲಿ ಪೈಲಟ್‌ನನ್ನು ಮೆಲ್ಲಗೆ ಎತ್ತಿದ. ಎತ್ತುವಾಗ, ಅಭ್ಯಾಸದಿಂದಲೋ ಏನೋ, ಅವನ ಬಾಯಿಂದ ಮಾತು ಬಂದುಬಿಟ್ಟಿತು.

"ಹುಷಾರು ಸಾರ್. ತಲೆ."

ಹೇಳಿದವನೇ ಬಿಕ್ಕಿ ಬಿಕ್ಕಿ ಅತ್ತ. ಸಮೀವುಲ್ಲಾ ಅವನ ಬೆನ್ನ ಮೇಲೆ ಕೈಯಿಟ್ಟರು.

ಸ್ವಾಮಿಗಳು ಅಂಗೈ ಒಡ್ಡಿದರು. ಪುಟ್ಟ ಪೈಲಟ್‌ನನ್ನು ಅದರಲ್ಲಿ ಮಲಗಿಸಿಕೊಂಡು ದೇವರ ಮನೆಗೆ ನಡೆದರು.

ಆ ಮಧ್ಯಾಹ್ನ ಸಮೀವುಲ್ಲಾ ಹಿತ್ತಾಳೆಯ ತೆಳು ತಂತಿ ಬಗ್ಗಿಸಿ ಒಂದು ಏಣಿ ಮಾಡಿದರು. ಗುರುಪಾದಪ್ಪ ಅದಕ್ಕೆ ಹಳದಿ ಬಣ್ಣ ಹಚ್ಚಿದರು.

"ಈ ಸಲ ತೆಳ್ಳಗೆ ಹಚ್ಚಿದ್ದೀರಿ," ಎಂದರು ಸಮೀವುಲ್ಲಾ.

"ಕಾಲಿಡೋ ಜಾಗ ಸಾಬ್ರೇ. ಜಾರಬಾರದು."

ಮುಚ್ಚಳವನ್ನು ಒಂದು ಬದಿಗೆ ತೆರೆದ ಹಾಗೆ ಕೂರಿಸಿ, ಏಣಿಯನ್ನು ಚನ್ನಂಜಪ್ಪ ತನ್ನ ಕೈಯಾರೆ ಒರಗಿಸಿದ.

ಭಾನುವಾರ ಹತ್ತು ಗಂಟೆಗೆ ತುಳಸಮ್ಮ ಬಂದರು. ತಂಗಿಯ ಮಗಳ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಹಗುರ ಜೀವ. ಹಣೆಯಲ್ಲಿ ತೆಳ್ಳಗೆ ವಿಭೂತಿ.

ಚನ್ನಂಜಪ್ಪ ಅವರ ಕಾಲಿಗೆ ಬಿದ್ದ. ಏಳಲೇ ಇಲ್ಲ.

"ತಾಯಿ, ನಾನು... ಅವತ್ತು ಮುಚ್ಚಳ ಹಾಕಿದವನು ನಾನೇ..."

"ಏಳಪ್ಪ. ಬೆಲ್ಟ್ ಬಿಗೀತಿದ್ದ ಹುಡುಗ ನೀನೇನಾ?"

ಅವನು ತಲೆ ಎತ್ತಿದ.

"ಅವನ ಕಾಗದದಲ್ಲಿ ನೀನು ಇದ್ದೀಯ. 'ಅಮ್ಮ, ನಮ್ಮ ಕಡೆ ಹುಡುಗ ಒಬ್ಬ ಸಿಕ್ಕಿದ್ದಾನೆ. ಎಷ್ಟು ಬಿಗಿದು ಕಟ್ತಾನೆ ಅಂದ್ರೆ ಉಸಿರಾಡೋಕೇ ಆಗಲ್ಲ. ಅವನು ಕಟ್ಟಿದ ದಿನ ನನಗೆ ಧೈರ್ಯ' ಅಂತ ಬರೆದಿದ್ದ. ಈ ಹುಡುಗನ್ನ ಒಂದು ಸಲ ನೋಡಬೇಕು ಅಂತ ನನಗೂ ಇತ್ತು."

ಚನ್ನಂಜಪ್ಪ ತನ್ನ ಎರಡೂ ಕೈಯನ್ನು ನೋಡಿಕೊಂಡ. ಬೇರೆ ಯಾರದೋ ಕೈ ನೋಡುವ ಹಾಗೆ.

ತುಳಸಮ್ಮ ವಿಮಾನದ ಮುಂದೆ ಕೂತರು. ಕನ್ನಡಕ ಹಾಕಿಕೊಂಡರು. ಬಾಲದ ನಂಬರಿನ ಮೇಲೆ ಬೆರಳಿಟ್ಟರು. ರೆಕ್ಕೆಯನ್ನು, ಮಗುವಿನ ಬೆನ್ನು ಸವರುವ ಹಾಗೆ, ಒಂದು ಸಲ ಸವರಿದರು.

"ಇಷ್ಟು ಇಕ್ಕಟ್ಟಿನಲ್ಲಿ ಹೇಗೆ ಕೂರ್ತಿದ್ದನೋ. ಆರಡಿ ಆಳು. ನಮ್ಮ ಮನೆ ಬಾಗಿಲಿಗೇ ತಲೆ ಹೊಡ್ಕೊಳ್ತಿದ್ದ."

ಅವರ ಬೆರಳು ಹಳದಿ ಏಣಿಯ ಹತ್ತಿರ ಬಂತು. ಒಂದೊಂದೇ ಮೆಟ್ಟಿಲು ಹತ್ತಿತು. ತೆರೆದ ಮುಚ್ಚಳದ ಅಂಚಿನಲ್ಲಿ ನಿಂತಿತು. ಅವರು ಬಗ್ಗಿ ಒಳಗೆ ನೋಡಿದರು. ಖಾಲಿ ಆಸನ. ಬಿಚ್ಚಿದ ಪಟ್ಟಿಗಳು.

ಬಹಳ ಹೊತ್ತು ನೋಡಿದರು.

"ಒಳಗೆ ಕೂತಿರ್ತಾನೆ ಅಂತ ಬರೆದಿದ್ದೆಯಲ್ಲಪ್ಪ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಿ ನನ್ನ ಮಗ?"

ಚನ್ನಂಜಪ್ಪ ಗುರುಗಳ ಕಡೆ ನೋಡಿದ.

ಸ್ವಾಮಿಗಳು ಆ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಬಂದ, ತಾಯಿ. ಈಗಷ್ಟೇ ಇಳಿದ. ಕೈಕಾಲು ತೊಳೆಯೋಕೆ ಹೋಗಿದ್ದಾನೆ."