ಬಲ್ಲಾಳರ ಗುಜರಿ ಕಬ್ಬಿಣ

ಈ ಪ್ರಸಂಗಕ್ಕೆ ನಾನೇ ಕಣ್ಣಾರೆ ಸಾಕ್ಷಿ. ಆ ಹೊತ್ತಿಗೆ ನಾನು ಹೊರಗೆ ಚಹಾ ಕುಡಿಯುತ್ತಿದ್ದೆ ಅನ್ನೋದು ಬೇರೆ ಮಾತು.

ಬಂದರಿನ ಕಸ್ಟಮ್ಸ್ ಕಚೇರಿಗೆ ಧರಣೇಂದ್ರ ಬಲ್ಲಾಳರು ಬಂದರು. ಶಿಕಾರಿಯ ಮನೆತನ, ಮಂತ್ರಿಗಳ ಗೆಳೆತನ. ವಿದೇಶದಿಂದ ಅವರು ತರಿಸಿದ್ದ ಪೆಟ್ಟಿಗೆಯಲ್ಲಿ ಬಂದೂಕಿನ ಹೊಸ ನಳಿಗೆಯೊಂದು ಮಿರಮಿರ ಮಿಂಚುತ್ತಿತ್ತು.

"ಪರವಾನಗಿ ಎಲ್ಲಿ ಸ್ವಾಮಿ?" ಎಂದ ಗುಮಾಸ್ತ. "ಬಂದೂಕಿನ ಬಿಡಿಭಾಗಕ್ಕೂ ಬಂದೂಕಿನದೇ ಕಾನೂನು."

"ಹಿಡಿಯಿಲ್ಲ, ಗುಂಡು ಹಾರಿಸೋ ಕುದುರೆಯಿಲ್ಲ, ಇದ್ಯಾವ ಬಂದೂಕಯ್ಯಾ? ಬರೀ ಕಬ್ಬಿಣದ ಕೊಳವೆ. ಸಂಜೆಯೊಳಗೆ ಬಿಡದಿದ್ದರೆ ನಾಳೆ ನಿನಗೆ ಅಂಡಮಾನಿಗೆ ವರ್ಗ."

ಗುಮಾಸ್ತನ ಹೆಂಡತಿಗೆ ಆಗ ಎಂಟು ತಿಂಗಳು. ಅವನು ಕೈಮುಗಿದ. "ತಪ್ಪಾಯಿತು ಸ್ವಾಮಿ. ಗುಜರಿ ಕಬ್ಬಿಣ ಅಂತ ಬರೆದುಕೊಡಿ. ಅದಕ್ಕೆ ಬಂದೂಕಿನ ಪರವಾನಗಿ ಯಾಕೆ?"

ಬಲ್ಲಾಳರು ಮೀಸೆ ತಿರುವಿ, ಬರೆದು, ಸಹಿ ಹಾಕಿದರು. ಗುಮಾಸ್ತ ಮುದ್ರೆ ಒತ್ತಿ ಜವಾನನನ್ನು ಕರೆದ. "ಬಾಬಣ್ಣ, ದೊಡ್ಡ ಸುತ್ತಿಗೆ ತಗೊಂಡು ಬಾ."

"ಸುತ್ತಿಗೆ ಯಾಕೆ?"

"ಗುಜರಿಯನ್ನು ಜಜ್ಜಿಯೇ ಹೊರಗೆ ಬಿಡಬೇಕು ಸ್ವಾಮಿ. ಇಲ್ಲದಿದ್ದರೆ ಕಳ್ಳರು ಹೊಸ ಸಾಮಾನನ್ನೇ ಗುಜರಿ ಅಂತ ದಾಟಿಸಿಬಿಡುತ್ತಾರೆ."

ಬಾಬಣ್ಣ ಸುತ್ತಿಗೆ ಎತ್ತಿದ. ಬಲ್ಲಾಳರು ನಳಿಗೆಯ ಮೇಲೆ ಅಡ್ಡಬಿದ್ದರು. "ನಿಲ್ಲಿಸೋ, ಅದು ಬಂದೂಕು ಕಣೋ!"

ಕಚೇರಿಗೆ ಕಚೇರಿಯೇ ಕೇಳಿಸಿಕೊಂಡಿತು. ದೊಡ್ಡ ಸಾಹೇಬರೂ ಬಾಗಿಲಿಗೆ ಬಂದರು. ಗುಮಾಸ್ತ ಹೊಸ ಹಾಳೆಯೊಂದನ್ನು ಮೆಲ್ಲಗೆ ಮುಂದಿಟ್ಟ. "ಹಾಗಾದರೆ ಅದನ್ನೂ ಬರೆದುಕೊಡಿ."

ಸುತ್ತಿಗೆ ಇನ್ನೂ ಮೇಲೆಯೇ ಇತ್ತು. ಬಲ್ಲಾಳರು ಬರೆದರು. ನಳಿಗೆ ಸರ್ಕಾರಿ ಉಗ್ರಾಣ ಸೇರಿತು.

ಗುಮಾಸ್ತನಿಗೆ ವರ್ಗವಾಗಲಿಲ್ಲ. ಮಂತ್ರಿಗಳಿಗೆ ದೂರು ಹೇಳಬೇಕಾದರೆ, ತಾವು ಸಹಿ ಹಾಕಿದ ಎರಡು ಕಾಗದಗಳಲ್ಲಿ ಯಾವುದು ಸುಳ್ಳೆಂದು ಬಲ್ಲಾಳರು ಮೊದಲು ಹೇಳಬೇಕಿತ್ತು.