ಸುದ್ದಿ ಹಾಲಪ್ಪ ಹಂಚಿದ ವೀಳ್ಯ

ಬನ್ನಿ, ಹತ್ತಿರ ಕೂತುಕೊಳ್ಳಿ. ನೀತಿ ಏನು ಅಂತ ಈಗಲೇ ಕೇಳಬೇಡಿ, ಕೊನೆಗೆ ತೂಗಿ ಕೊಡುತ್ತೇನೆ.

ಕಲ್ಲಗೆರೆ ಅನ್ನೋ ರಾಜ್ಯದಲ್ಲಿ ಹಾಲಪ್ಪ ಅಂತ ಒಬ್ಬನಿದ್ದ. ಸುದ್ದಿ ಹೇಳುವುದೇ ಅವನ ಕಸುಬು. ಸಂತೆ ದಿನ ಕಟ್ಟೆ ಹತ್ತುವನು. ಅರಮನೆಯಲ್ಲಿ ಯಾರ ಮೇಲೆ ಯಾರಿಗೆ ಮುನಿಸು, ಯಾವ ಸುಂಕ ಏರುತ್ತೆ, ಎಲ್ಲ ಹೇಳುವನು. ಸೇನಾಪತಿಯ ಮನೆಯಲ್ಲಿ ಅವನ ಬೆಳಗಿನ ರೊಟ್ಟಿ. ಮಂತ್ರಿಯ ಮನೆಯಲ್ಲಿ ಮಧ್ಯಾಹ್ನದ ಹೋಳಿಗೆ. ರಾಣಿಯ ತಮ್ಮನ ಜಗಲಿಯಲ್ಲಿ ಸಂಜೆಯ ಎಲೆಅಡಿಕೆ. ಉಣ್ಣಿಸಿದವರೆಲ್ಲ ಕಿವಿಗೆ ಒಂದು ಮಾತು ಹಾಕಿ ಕಳಿಸುವರು. ಅವರಿಗೂ ಲಾಭ, ಇವನಿಗೂ ಲಾಭ. ಆದರೆ ಯಾರು ಹೇಳಿದರು ಅಂತ ಮಾತ್ರ ಹಾಲಪ್ಪ ಯಾವತ್ತೂ ಬಾಯಿ ಬಿಟ್ಟವನಲ್ಲ. ಅವನ ಕಸುಬು ನಡೆದದ್ದೇ ಆ ನಂಬಿಕೆಯ ಮೇಲೆ.

ಒಮ್ಮೆ ರಾಜ ಬಳೆಗಾರನ ವೇಷ ಹಾಕಿ, ಸಂತೆಯಲ್ಲಿ ಯಾರು ಕಳ್ಳ ಅಳತೆ ಅಳೆಯುತ್ತಾರೆ ಅಂತ ನೋಡಲು ಹೊರಟ. ಅಷ್ಟರಲ್ಲಿ ಹಾಲಪ್ಪ ಕಟ್ಟೆಯ ಮೇಲಿಂದ ಆ ಸುದ್ದಿ ಹೇಳಿಬಿಟ್ಟಿದ್ದ. ರಾಜ ಬುಟ್ಟಿ ಹೊತ್ತು ಬಂದರೆ ಮಕ್ಕಳೆಲ್ಲ "ಮಹಾರಾಜರೇ, ನಮ್ಮವ್ವನಿಗೆ ಹಸಿರು ಬಳೆ ಬೇಕಂತೆ!" ಅಂತ ಹಿಂದೆ ಬಿದ್ದರು.

ರಾಜನಿಗೆ ಮುಖ ಎತ್ತಲಾಗದ ಅವಮಾನ. ಈ ಗುಟ್ಟು ಗೊತ್ತಿದ್ದದ್ದು ಅವನನ್ನು ಬಿಟ್ಟರೆ ಇಬ್ಬರಿಗೇ: ಬಳೆಯ ಬುಟ್ಟಿ ತಂದುಕೊಟ್ಟ, ಅರಮನೆ ಬಾಗಿಲು ಕಾಯುವ ಬೊಮ್ಮವ್ವನಿಗೆ, ಮಂತ್ರಿ ದುಗ್ಗರಸನಿಗೆ. ದುಗ್ಗರಸ "ಇವಳದೇ ಕೆಲಸ, ಗಡಿ ದಾಟಿಸಿ" ಅಂದ. ರಾಜ ತೀರ್ಪು ಕೊಡುವ ತನಕ ಅಂತ ಬೊಮ್ಮವ್ವನನ್ನು ಸೆರೆಗೆ ಹಾಕಿದರು.

ಹಾಲಪ್ಪನಿಗೂ ವಯಸ್ಸಾಗಿ ದನಿ ಕುಗ್ಗಿತ್ತು, ಕಸುಬು ಬಿಡುವ ಕಾಲ. ಬಿಡುವ ದಿನ ಸುದ್ದಿಗಾರ ತನ್ನ ಬಾಳಿನ ನೆನಪು ಹೇಳಬೇಕು, ನೆರವಾದವರನ್ನು ನೆನೆದು ವೀಳ್ಯ ಕೊಡಬೇಕು, ಅದು ಅಲ್ಲಿಯ ವಾಡಿಕೆ. ಹಿಂದಿನ ದಿನ ದುಗ್ಗರಸ ಅವನನ್ನು ಕರೆಸಿದ.

"ಏನೋ ಹಾಲಪ್ಪ, ನಾಳೆ ಗುಟ್ಟು ಹೇಳಿದ್ದು ಬೊಮ್ಮವ್ವ ಅಂತ ಹೇಳಿಬಿಡು. ನನ್ನ ಮನೆಯ ಹೋಳಿಗೆ ಮರೆತಿಲ್ಲ ತಾನೆ?"

"ಮರೆಯೋದುಂಟೇ ಬುದ್ಧೀ? ತುಪ್ಪ ಕೂಡ ನೆನಪಿದೆ" ಅಂದ ಹಾಲಪ್ಪ.

ಮಾರನೆಯ ದಿನ ಊರೆಲ್ಲ ನೆರೆಯಿತು. ರಾಜ ಬಂದ. ಸೆರೆಯಿಂದ ಬೊಮ್ಮವ್ವನನ್ನೂ ತಂದು ನಿಲ್ಲಿಸಿದರು. ಹಾಲಪ್ಪ ಕೈ ಮುಗಿದ.

"ಯಾರ ಹೆಸರನ್ನೂ ನಾನು ಹೇಳಿದವನಲ್ಲ, ಇವತ್ತೂ ಹೇಳೋದಿಲ್ಲ. ಉಪಕಾರ ಹೇಳುತ್ತೇನೆ. ಮಾಡಿದವರು ಎದ್ದು ವೀಳ್ಯ ತಗೊಳ್ಳಲಿ. ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ಒಬ್ಬರು ನನಗೆ ಹೇಳಿದರು. ಊರು ಉಳಿಯಿತು. ಅವರಿಗೆ ಶರಣು."

ಬಿರುಕಿನ ಸುದ್ದಿ ನಿಜಕ್ಕೂ ಹೇಳಿದ್ದು ಅಗಸರ ಗೌರಿ. ಅವಳು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ದುಗ್ಗರಸ ಎದ್ದು ನಿಂತಿದ್ದ. "ನಾನೇ!" ಅಂದ. ವೀಳ್ಯ ತಗೊಂಡ. ಗೌರಿ ಹೆದರಿ ಕೂತಳು.

"ಉಪ್ಪಿನ ಬಂಡಿಗಳನ್ನು ಗಡಿಯಲ್ಲಿ ತಡೆದಿದ್ದಾರೆ ಅಂತ ಒಬ್ಬರು ಹೇಳಿದರು. ಮನೆಮನೆಗೂ ಉಪ್ಪು ಬಂತು. ಅವರಿಗೂ ಶರಣು."

ಅದನ್ನು ಹೇಳಿದ್ದು ಬಂಡಿ ಹೊಡೆಯುವ ಈರಣ್ಣ. ದುಗ್ಗರಸ ಮತ್ತೆ ಎದ್ದ. "ಅದೂ ನಾನೇ!" ಜನ ಚಪ್ಪಾಳೆ ತಟ್ಟಿದರು. ಅವನ ಎದೆ ಉಬ್ಬಿತು.

"ಇನ್ನು ಎಲ್ಲಕ್ಕಿಂತ ದೊಡ್ಡದು. ಮಹಾರಾಜರು ಬಳೆಗಾರರಾಗಿ ಬರುತ್ತಾರೆ ಅಂತ ಒಬ್ಬರು ಹೇಳಿದರು. ನಾನು ಸಾರಿದೆ. ಕಳ್ಳರು ಹೆದರಿ ಕಳ್ಳ ಕೊಳಗಗಳನ್ನೆಲ್ಲ ಬಾವಿಗೆ ಎಸೆದರು. ಇವತ್ತು ಬಡವರ ಅಕ್ಕಿ ಸರಿಯಾಗಿ ಅಳೆಯುತ್ತಿದ್ದಾರೆ. ಈ ಪುಣ್ಯವಂತರಿಗೆ ಮಹಾರಾಜರೇ ಕೈಯಾರೆ ವೀಳ್ಯ ಕೊಡಬೇಕು!"

ಹೋ ಅಂತ ಜನ ಕೂಗಿದರು. ದುಗ್ಗರಸ ಕೈ ಚಾಚಿಕೊಂಡೇ ಎದ್ದ. "ಅದೂ ನಾನೇ ಪ್ರಭೂ! ನಮ್ಮ ಭಾವಮೈದ ಅಕ್ಕಿ ಅಂಗಡಿ ಇಟ್ಟಿದ್ದಾನಲ್ಲ, ಅವನಿಗೊಂದು ಮಾತು ಮುಟ್ಟಲಿ ಅಂತ..."

ಅಲ್ಲಿಗೆ ನಾಲಿಗೆ ನಿಂತಿತು. ಚಾಚಿದ ಕೈ ಮಾತ್ರ ಹಾಗೇ ಇತ್ತು.

ರಾಜ ಹಾಲಪ್ಪನನ್ನು ನೋಡಿದ. ಹಾಲಪ್ಪ, "ನಾನು ಯಾರ ಹೆಸರೂ ಹೇಳಿಲ್ಲ ಪ್ರಭೂ" ಅಂದ.

ರಾಜ ಬಳೆಯ ಬುಟ್ಟಿ ತರಿಸಿ ದುಗ್ಗರಸನ ತಲೆಯ ಮೇಲೆ ಇಡಿಸಿದ. "ಮಂತ್ರಿಗಿರಿ ಸಾಕು, ಇದನ್ನು ಮಾರು. ನಿನ್ನ ಭಾವಮೈದನ ಅಂಗಡಿಗೂ ಬೀಗ" ಅಂದ. ಅವನ ಕೈಯಿಂದ ಎರಡೂ ವೀಳ್ಯ ಕಿತ್ತು, "ನಿಜಕ್ಕೂ ಹೇಳಿದವರು ಈಗ ಏಳಿ" ಅಂತ ಕರೆದು, ಎದ್ದು ಬಂದ ಗೌರಿಗೂ ಈರಣ್ಣನಿಗೂ ಕೊಡಿಸಿದ. ಬೊಮ್ಮವ್ವನ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿದರು.

ಹಾಲಪ್ಪನ ತಟ್ಟೆಯಲ್ಲಿ ಒಂದು ವೀಳ್ಯ ಉಳಿದಿತ್ತು. ಕಟ್ಟೆ ಇಳಿದು ಅವಳ ಹತ್ತಿರ ಹೋದ.

"ದೊಡ್ಡವರು ಒಳಗೆ ಕರೆಯುವ ತನಕ ಎಷ್ಟೋ ಮಧ್ಯಾಹ್ನ ಬಿಸಿಲಲ್ಲಿ ಅರಮನೆ ಬಾಗಿಲ ಬಳಿ ನಿಂತಿದ್ದೇನೆ. ಆಗೆಲ್ಲ ನೀರು ಕೊಟ್ಟವಳು ನೀನು. ಒಂದು ಸುದ್ದಿಯನ್ನೂ ಹೇಳಲಿಲ್ಲ, ಒಂದನ್ನೂ ಕೇಳಲಿಲ್ಲ. ಇದು ನಿನ್ನದು ಕಣವ್ವಾ."

"ಅಯ್ಯೋ, ನೀರಿಗೂ ವೀಳ್ಯವೇ?" ಅಂತ ಬೊಮ್ಮವ್ವ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ತಗೊಂಡಳು.

ನೀತಿ ಇಷ್ಟೇ ಮಕ್ಕಳೇ. ನಿಮ್ಮದಲ್ಲದ ಉಪಕಾರಕ್ಕೆ ಕೈ ಚಾಚಬೇಡಿ, ಅದರ ಜೊತೆ ಏನು ಬರುತ್ತದೋ ತಿಳಿಯದು. ಉಪಕಾರ ಮಾಡಿದವರನ್ನು ಅವರ ಕಿವಿಗೆ ಬೀಳುವ ಹಾಗೆ ನೆನೆಯಿರಿ, ಅವರು ಎದುರಿಗಿರುವಾಗಲೇ.